ಅವಳು ಹೇಳಬೇಕಿದ್ದ ಮಾತು

ಕೆಂಭಾವಿ
7 ಜುಲೈ 2024

ಮರಿಲಿಂಗಪ್ಪ ಸರ್ ಅವರಿಗೆ,

ಜೈಭೀಮ್.

ನಾನು ಪರಿಮಳಾ. ನಮ್ಮೂರ ಹೈಸ್ಕೂಲಿನಲ್ಲಿ ಎರಡನೇ ಬೆಂಚಿನ ತುದಿಗೆ ಕೂರುತ್ತಿದ್ದವಳು, ಭೀಮರಾಯನ ಮಗಳು. ಕಾಲುವೆ ಅಳೆಯುವಾಗ ನಿಮ್ಮ ಚಪ್ಪಲಿ ನೀರಿಗೆ ಬಿತ್ತಲ್ಲ, ಅದನ್ನು ಹಿಡಿಯಲು ಹೋಗಿ ತಾನೂ ಬಿದ್ದ ಹುಡುಗಿ ಎಂದರೆ ಖಂಡಿತ ನೆನಪಾಗುತ್ತದೆ. ಹದಿನಾಲ್ಕು ವರ್ಷ ಒಂದು ಸಾಲು ಬರೆಯದವಳು ಈಗ ಯಾಕೆ ಬರೆಯುತ್ತಿದ್ದಾಳೆ ಎಂದು ನಿಮಗೆ ಆಶ್ಚರ್ಯವಾದೀತು. ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಎರಡು ಸಲ ನಿಮ್ಮನ್ನು ದೂರದಿಂದ ನೋಡಿ, ಮುಖ ತಪ್ಪಿಸಿ ಬೇರೆ ಬಸ್ಸು ಹತ್ತಿದ್ದೇನೆ. ಅದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಮಾಡಲಿ.

ನಾನೂ ಈಗ ಟೀಚರ್. ವಿಜ್ಞಾನ ಮತ್ತು ಗಣಿತ. ಕೆಂಭಾವಿಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದು, ಅಲ್ಲಿಂದ ಎಂಟು ಕಿಲೋಮೀಟರ್ ಒಳಗಿನ ಹಳ್ಳಿಗೆ ದಿನಾ ಟಂಟಂ ಆಟೋದಲ್ಲಿ ಹೋಗಿ ಬರುತ್ತೇನೆ. ಅಲ್ಲಿಯ ಶಾಲೆ ಏಳನೇ ತರಗತಿವರೆಗೆ ಮಾತ್ರ. ಆ ಏಳನೇ ತರಗತಿಯಲ್ಲಿ ಇಪ್ಪತ್ತಾರು ಮಕ್ಕಳಿದ್ದಾರೆ, ಒಬ್ಬರೂ ಬಾಯಿ ಬಿಡುವುದಿಲ್ಲ. ಪ್ರಶ್ನೆ ಕೇಳಿದರೆ ನೆಲ ನೋಡುತ್ತಾರೆ. ಬೋರ್ಡಿನ ಮೇಲೆ ಬರೆದರೆ ಬರೆದುಕೊಳ್ಳುತ್ತಾರೆ, ಅಳಿಸಿದರೆ ಸುಮ್ಮನಾಗುತ್ತಾರೆ. ನಮ್ಮ ಹೆಡ್‌ಮಾಸ್ತರು ಅಮರಪ್ಪನವರಿಗೆ ಇದನ್ನು ಹೇಳಿದರೆ, "ಗಲಾಟಿ ಇಲ್ಲ, ಗದ್ದಲ ಇಲ್ಲ. ಇಂಥಾ ಕ್ಲಾಸ್ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕ್ರಿ ಟೀಚರ್," ಎನ್ನುತ್ತಾರೆ.

ಅವರಲ್ಲಿ ನಾಗಲಕ್ಷ್ಮಿ ಎಂಬ ಹುಡುಗಿ ಇದ್ದಾಳೆ. ತಾಯಿ ಮುದುಕಮ್ಮ ಕೂಲಿಗೆ ಹೋಗುತ್ತಾಳೆ, ಹತ್ತಿ ಶುರುವಾದರೆ ಮಗಳೂ ಹೋಗುತ್ತಾಳೆ. ನಾನು ಪಾಠ ಮಾಡುವಾಗ ಈ ಹುಡುಗಿಯ ತುಟಿ ಅಲ್ಲಾಡುತ್ತದೆ. ಕೇಳಿದರೆ ನಿಂತುಬಿಡುತ್ತದೆ. ಒಳಗೆ ಏನೋ ನಡೆದಿದೆ, ಹೊರಗೆ ಬರುತ್ತಿಲ್ಲ. ಹೋದ ವರ್ಷ ನಮ್ಮ ಶಾಲೆಯಲ್ಲಿ ಏಳನೆಯದು ಮುಗಿಸಿದ ಹನ್ನೊಂದು ಹುಡುಗಿಯರಲ್ಲಿ ನಾಲ್ವರು ಮಾತ್ರ ಕೆಂಭಾವಿಯ ಹೈಸ್ಕೂಲಿಗೆ ಹೋದರು. ನಾಗಲಕ್ಷ್ಮಿಯ ಕತೆ ಏನು ಎಂದು ಮುದುಕಮ್ಮನನ್ನು ಕೇಳಿದೆ. "ಆಕಿಗಿ ಮನಸಿದ್ರ ಹೋಗ್ಲಿ ಟೀಚರ್. ಮನಸಿಲ್ದಾಕಿನ್ನ ಎಳಕೊಂಡ್ ಹೋಗಾಕ ಆಗತದೇನ್ರಿ?" ಎಂದಳು. ಬರುವ ಜೂನ್ ತಿಂಗಳೊಳಗೆ ಆ ಮನಸ್ಸು ಹುಟ್ಟಬೇಕು. ಅದನ್ನು ಹುಟ್ಟಿಸುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ.

ನಿಮ್ಮ ಕ್ಲಾಸಿನಲ್ಲಿ ನಾವು ಹೀಗಿರಲಿಲ್ಲ. ನಿಮ್ಮ ಪಿರಿಯಡ್ ಬಂತೆಂದರೆ ಬಾಗಿಲಿಗೇ ಓಡಿಬರುತ್ತಿದ್ದೆವು. ನೀವು ಏನು ಮಾಡುತ್ತಿದ್ದಿರಿ ಸರ್? ಅದನ್ನು ಬರೆದು ತಿಳಿಸಿ. ಯಾದಗಿರಿಯ ಮಾತು ಬೇಡ. ಅದೊಂದನ್ನು ಬಿಟ್ಟು ಉಳಿದದ್ದನ್ನು ಬರೆಯಿರಿ.

ನಿಮ್ಮ ಹಳೆಯ ವಿದ್ಯಾರ್ಥಿನಿ,
ಪರಿಮಳಾ


ಶಹಾಪುರ
15 ಜುಲೈ 2024

ತಂಗಿ ಪರಿಮಳಾ,

ಜೈಭೀಮ್, ಜೈಭೀಮ್, ಇನ್ನೊಂದು ಸಲ ಜೈಭೀಮ್!

ಪೋಸ್ಟಿನ ಅಜೀಮ ಬಾಗಿಲಲ್ಲೇ ನಿಂತು ಕೂಗಿದ: "ಸರ್, ಬ್ಯಾಂಕಿನ್ದಲ್ರಿ, ಎಲ್ಲೈಸಿದಲ್ರಿ, ಕೈಲೆ ಬರದಿದ್ದು ಬಂದದ! ಖರೇ ಪತ್ರರಿ!" ನಾನು ಊಟ ಬಿಟ್ಟು ಎದ್ದೆ. ನಿನ್ನ ಅಕ್ಷರ ಗುರುತು ಹಿಡಿಯಲು ನನಗೆ ಹೆಸರು ನೋಡಬೇಕಾಗಲಿಲ್ಲ. ನಮ್ಮ ಮನೆಯವರು "ಯಾರದ್ರಿ?" ಎಂದರೆ ಪತ್ರವನ್ನೇ ಅವರ ಕೈಗೆ ಕೊಟ್ಟೆ. ನಿನಗೆ ಹೇಳಲು ನಾಚಿಕೆ ಏಕೆ, ಕಣ್ಣಲ್ಲಿ ನೀರು ಬಂತು.

ನೀನು ಕೇಳಿದ್ದಕ್ಕೆ ಬರುತ್ತೇನೆ. ನನಗೆ ಯಾವ ವಿದ್ಯೆಯೂ ಗೊತ್ತಿರಲಿಲ್ಲ ತಂಗಿ. ನಿಮ್ಮೂರಿಗೆ ಬಂದ ಮೊದಲ ವರ್ಷ ನಾನೂ ಬೋರ್ಡು ತುಂಬಿಸುತ್ತಿದ್ದೆ, ಹುಡುಗರು ತೂಕಡಿಸುತ್ತಿದ್ದರು. ಒಂದು ದಿನ ಬಸವ ಎಂಬ ಹುಡುಗ, "ಸರ್, ನಮ್ಮ ಕಾಲುವ್ಯಾಗ ದಿನಾ ಎಷ್ಟ್ ನೀರ್ ಹೋಗತದ್ರಿ?" ಎಂದು ಕೇಳಿಬಿಟ್ಟ. "ನನಗ್ ಗೊತ್ತಿಲ್ಲೋ," ಎಂದೆ. ಬಾಯಿ ತಪ್ಪಿ ಬಂದ ಮಾತು. ಇಡೀ ಕ್ಲಾಸು ತಲೆಯೆತ್ತಿತು. ಮಾಸ್ತರಿಗೂ ಗೊತ್ತಿಲ್ಲದ್ದು ಒಂದಿದೆ ಎಂದು ಅವರಿಗೆ ಅವತ್ತು ತಿಳಿಯಿತು. "ಹಂಗಾದ್ರ ನೋಡಿ ಬರೂಣು ನಡೀರಿ," ಎಂದು ಹೊರಟೆವು. ಜೋಳದ ದಂಟಿನ ಬೆಂಡನ್ನು ನೀರಿಗೆ ಬಿಟ್ಟು, ಅದು ಎಷ್ಟು ಹೊತ್ತಿಗೆ ಎಷ್ಟು ದೂರ ಹೋಗುತ್ತದೆ ಎಂದು ದಂಡೆಯ ಮೇಲೆ ಎಣಿಸುತ್ತಾ ಓಡಿದೆವು. ನಾನು ಪ್ಯಾಂಟು ಮಡಚಿ ಓಡಿದೆ, ನೀವೂ ಓಡಿದಿರಿ. ನಾನು ಎಣಿಕೆ ತಪ್ಪಿದೆ, ನೀವು ನಕ್ಕಿರಿ. ಮರುದಿನ ತೂಕಡಿಸುವವರು ಯಾರೂ ಇರಲಿಲ್ಲ.

ಆವತ್ತಿನಿಂದ ನನಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನು ಹಿಡಿದು ಕ್ಲಾಸಿಗೆ ಹೋಗುವುದನ್ನು ಆದಷ್ಟು ಬಿಟ್ಟೆ. ಇಷ್ಟೇ ನನ್ನ ಗುಟ್ಟು. ನಿನ್ನ ಮಕ್ಕಳಿಗೆ ಗೊತ್ತಿದ್ದು ನಿನಗೆ ಗೊತ್ತಿಲ್ಲದ್ದು ಏನಾದರೂ ಇದ್ದೇ ಇರುತ್ತದೆ. ಅದನ್ನು ಹುಡುಕು. ಅಲ್ಲಿಗೆ ಹೋಗಿ ನೀನು ಅವರ ಕೈಕೆಳಗೆ ಕಲಿ. ನಿನಗೆ ನಿಜವಾಗಿ ಆಸೆಯಾಗಬೇಕು ಮತ್ತೆ, ಸುಳ್ಳು ಆಸೆಯನ್ನು ಮಕ್ಕಳು ಕೂಡಲೇ ಹಿಡಿಯುತ್ತಾರೆ.

ಯಾದಗಿರಿಯ ಮಾತು ಬೇಡ ಎಂದಿದ್ದೀ. ಆಯಿತು. ನಮಗೆ ಎರಡನೇ ಬಹುಮಾನ ಬಂದದ್ದು ನನಗೆ ಗೊತ್ತು. ಅದರ ನಂತರ ನೀನು ನನ್ನ ಕ್ಲಾಸಿನಲ್ಲಿ ಕೈ ಎತ್ತುವುದನ್ನು ಬಿಟ್ಟೆ, ಅದೂ ಗೊತ್ತು. ಯಾಕೆಂದು ನಾನು ಕೇಳಲಿಲ್ಲ. ಕೆಳಗೆ ನನ್ನ ಫೋನ್ ನಂಬರ್ ಬರೆದಿದ್ದೇನೆ, ಇವತ್ತೇ ಮಾಡು.

ನಿನ್ನ ಸರ್,
ಮರಿಲಿಂಗಪ್ಪ


ಕೆಂಭಾವಿ
10 ನವೆಂಬರ್ 2024

ಪ್ರೀತಿಯ ಸರ್,

ನಾಲ್ಕು ತಿಂಗಳು ತಡವಾಯಿತು, ಬೈಯಬೇಡಿ. ಫೋನ್ ಮಾಡಿಲ್ಲ ಎಂದು ಅದಕ್ಕೂ ಬೈಯಬೇಡಿ. ಫೋನಿನಲ್ಲಿ ನೀವು ಮಾತಾಡುತ್ತೀರಿ, ನಾನು "ಹೂಂ ಸರ್, ಹೂಂ ಸರ್" ಎನ್ನುತ್ತೇನೆ. ಪತ್ರವಾದರೆ ನನ್ನ ವಾಕ್ಯ ನಾನೇ ಮುಗಿಸಬಹುದು.

ಸರ್, ಕ್ಲಾಸು ಬಾಯಿ ಬಿಟ್ಟಿತು!

ಅಕ್ಟೋಬರಿನಲ್ಲಿ ಹತ್ತಿ ಬಿಡಿಸುವುದು ಶುರುವಾಗಿ ಇಪ್ಪತ್ತಾರು ಮಕ್ಕಳು ಹನ್ನೊಂದಕ್ಕೆ ಇಳಿದರು. ಮನೆಮನೆಗೆ ಹೋಗಿ ಕರೆದು ಹೈರಾಣಾದೆ. ಆಮೇಲೆ ನಿಮ್ಮ ಪತ್ರ ತೆಗೆದು ಮತ್ತೊಮ್ಮೆ ಓದಿದೆ. ಒಂದು ರವಿವಾರ ನಾನೂ ಹತ್ತಿ ತುಂಬಲು ಸೊಂಟಕ್ಕೆ ಉಡಿ ಕಟ್ಟಿಕೊಂಡು ಮುದುಕಮ್ಮನ ಗುಂಪಿನ ಸಂಗಡ ಹೊಲಕ್ಕೆ ಹೋದೆ. ನಮ್ಮಪ್ಪನಿಗಿದ್ದದ್ದು ಭತ್ತದ ಗದ್ದೆ, ನನಗೆ ಹತ್ತಿ ಹೊಸದು. ಬಿರಿದ ಕಾಯಿಯ ತುದಿ ಚುಚ್ಚಿ ಚುಚ್ಚಿ ಬೆರಳೆಲ್ಲ ಗೀರಾದವು. ಎಲ್ಲರೂ ಒಂದು ಸಾಲು ಮುಗಿಸಿ ತಿರುಗಿದರೂ ನಾನಿನ್ನೂ ಅರ್ಧದಲ್ಲಿದ್ದೆ. ಆಗ ಪಕ್ಕದ ಸಾಲಿನಿಂದ ಒಂದು ದನಿ ಬಂತು: "ಟೀಚರ್, ನೀವ್ ಹತ್ತಿ ಬಿಡಸಾಕತ್ತೀರೋ, ಗಿಡದ ಜೊತಿ ಮಾತಾಡಾಕತ್ತೀರೋ?"

ನಾಗಲಕ್ಷ್ಮಿ! ಐದು ತಿಂಗಳಲ್ಲಿ ನಾನು ಕೇಳಿದ ಆಕೆಯ ಮೊದಲ ಪೂರ್ತಿ ವಾಕ್ಯ. ಆಮೇಲೆ ನನ್ನ ಕೈ ಹಿಡಿದು ಹೇಗೆ ಎಳೆಯಬೇಕೆಂದು ಆಕೆಯೇ ತೋರಿಸಿದಳು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ತಾನಾಗಿ ಕೇಳಿದಳು. "ಟೀಚರ್, ಮುಂಜಾನಿ ಬಿಡಿಸಿದ ಚೀಲ ವಜ್ಜ ಇರ್ತದ, ಅಷ್ಟ ದೊಡ್ಡ ಚೀಲ ಮಧ್ಯಾಹ್ನ ತುಂಬಿದ್ರ ಹಗುರ ಇರ್ತದ. ಮಂಜಿನ ನೀರ್ ಅಂತಾರ ಎಲ್ಲಾರೂ. ಖರೇನ ನೀರ್ ಅಷ್ಟ್ ವಜ್ಜ ಇರ್ತದೇನ್ರಿ?" ಮಂಜಿನಿಂದ ಎಂದು ನನಗೂ ಗೊತ್ತು. ಎಷ್ಟು ಎಂದು ಗೊತ್ತಿರಲಿಲ್ಲ. "ನನಗ್ ಗೊತ್ತಿಲ್ಲವ್ವಾ, ತೂಗಿ ನೋಡೂಣು," ಎಂದೆ.

ಬಿಸಿಯೂಟದ ತಕ್ಕಡಿಯನ್ನು ಕೇಳಿದರೆ ಅಡುಗೆಯ ಸವಿತಾ, "ಅಕ್ಕಿ ತೂಗೂದರಾಗ ಹತ್ತಿ ಹಾಕ್ತೀರಿ, ನಾಳಿ ಅನ್ನದಾಗ ಎಳಿ ಬಂದ್ರ ನನ್ನ ಬೈತೀರಿ!" ಎಂದು ಜಗಳ ತೆಗೆದಳು. ಕೊನೆಗೆ ತಾನೇ ತೂಗಿಕೊಟ್ಟಳು. ಬೆಳಗಿನ ಹತ್ತು ಕಿಲೋ ಹತ್ತಿಯನ್ನು ಶಾಲೆಯ ಮಾಳಿಗೆಯ ಮೇಲೆ ಹರಡಿದೆವು. ಮಧ್ಯಾಹ್ನಕ್ಕೆ ಒಂಬತ್ತು ಕಿಲೋ ನೂರು ಗ್ರಾಂ ಆಯಿತು. ಮಕ್ಕಳು ಹೋ ಎಂದು ಕೂಗಿದರು, ನಾನೂ ಕೂಗಿದೆ. ಅಮರಪ್ಪ ಸರ್ ಆಫೀಸಿನಿಂದ ಓಡಿಬಂದರು, ಯಾರೋ ಮಾಳಿಗೆಯಿಂದ ಬಿದ್ದರೆಂದು.

ಮರುದಿನದಿಂದ ಒಂದು ರಾಶಿ ಬಿಸಿಲಿಗೆ, ಒಂದು ನೆರಳಿಗೆ, ಒಂದು ಗೋಣಿಯ ಕೆಳಗೆ ಇಡೋಣ ಎಂದವಳು ನಾಗಲಕ್ಷ್ಮಿಯೇ. ಹೊಲಕ್ಕೆ ಹೋಗುವ ಮಕ್ಕಳೂ ತೂಕದ ಹೊತ್ತಿಗೆ ಓಡಿ ಬಂದು ನಿಲ್ಲುತ್ತಾರೆ. ಆಕೆ ದಿನಕ್ಕೆ ನಾಲ್ಕು ಪ್ರಶ್ನೆ ಕೇಳುತ್ತಾಳೆ. ಮೊನ್ನೆ ಅಂದಳು: "ಹೈಸ್ಕೂಲಿನ್ಯಾಗ ಇದಕ್ಕಿಂತ ಛಲೋ ತಕ್ಕಡಿ ಇರ್ತದೇನ್ರಿ?" ಇರುತ್ತದೆ ಎಂದೆ. ಇರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ನಿಮ್ಮ ಪ್ರೀತಿಯ,
ಪರಿಮಳಾ


ಶಹಾಪುರ
19 ನವೆಂಬರ್ 2024

ತಂಗಿ ಪರಿಮಳಾ,

ಭಲೇ! ಭಲೇ! ನಾನು ಪತ್ರವನ್ನು ನಮ್ಮ ಓಣಿಯಲ್ಲಿ ಮೂವರಿಗೆ ಓದಿ ತೋರಿಸಿದೆ.

ಈಗ ನನ್ನ ಮಾತು ಕೇಳು. ಡಿಸೆಂಬರಿನಲ್ಲಿ ಸುರಪುರದಲ್ಲಿ ತಾಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನ ಇದೆಯಂತೆ. ನಾಗಲಕ್ಷ್ಮಿಯ ಹೆಸರು ಕೊಡು. ಇಂಥ ಹುಡುಗಿಗೆ ಒಂದು ಬಹುಮಾನ ಬಂದರೆ ತಾಯಿಯ ಮನಸ್ಸೂ ತಿರುಗುತ್ತದೆ, ಊರಿನ ಬಾಯಿಯೂ ಮುಚ್ಚುತ್ತದೆ. ಹೈಸ್ಕೂಲಿನ ಚಿಂತೆ ಅಲ್ಲಿಗೆ ಮುಗಿಯಿತು.

ನಾನು ನಾಲ್ಕು ದಿನ ಕೂತು ಎಲ್ಲ ಸಿದ್ಧ ಮಾಡಿದ್ದೇನೆ, ಪಾರ್ಸೆಲ್‌ನಲ್ಲಿ ಬರುತ್ತದೆ. ಮೂರು ಚಾರ್ಟು. ಗಾಳಿಯ ತೇವಾಂಶದ ಕೋಷ್ಟಕ. ಆವಿಯಾಗುವ ಕ್ರಿಯೆಯ ಚಿತ್ರ, ಬಣ್ಣ ನಾನೇ ತುಂಬಿದ್ದೇನೆ. ಜೊತೆಗೆ ಆಕೆ ಹೇಳಬೇಕಾದ ಭಾಷಣ, ಬರೋಬರಿ ಐದು ನಿಮಿಷದ್ದು. ಬಾಯಿಪಾಠ ಮಾಡಿಸು. ಎಲ್ಲಿಯೂ ನಿಲ್ಲಬಾರದು ಎಂದು ಹೇಳು. ನಿರ್ಣಾಯಕರ ಮುಂದೆ ಹಳ್ಳಿಯ ಹುಡುಗಿ ಒಂದು ಸಲ ನಿಂತಳೆಂದರೆ ಅವರು ಮುಂದಿನ ಟೇಬಲ್ಲಿಗೆ ಹೋಗಿಬಿಡುತ್ತಾರೆ. ನನಗೆ ಆ ಅನುಭವ ಇದೆ. ಮೊಣಕಾಲು ನೋವಿಲ್ಲದಿದ್ದರೆ ನಾನೇ ಬಂದು ತಯಾರು ಮಾಡಿಸುತ್ತಿದ್ದೆ.

ನಿನ್ನ ಸರ್,
ಮರಿಲಿಂಗಪ್ಪ


ಕೆಂಭಾವಿ
2 ಡಿಸೆಂಬರ್ 2024

ಪ್ರೀತಿಯ ಸರ್,

ಪಾರ್ಸೆಲ್ ಬಂತು. ಚಾರ್ಟುಗಳನ್ನು ನೋಡಿ ಅಮರಪ್ಪ ಸರ್ ಬೆರಗಾದರು. ದಿನಾ ಊಟದ ಬಿಡುವಿನಲ್ಲಿ ಭಾಷಣ ಕಲಿಸುತ್ತಿದ್ದೇನೆ. ನಾಗಲಕ್ಷ್ಮಿಯ ನೆನಪಿನ ಶಕ್ತಿ ಒಳ್ಳೆಯದು, ಎಂಟು ದಿನದಲ್ಲಿ ಪೂರ್ತಿ ಬಂದಿದೆ. ತೂಗುವುದನ್ನು ಸದ್ಯ ನಿಲ್ಲಿಸಿದ್ದೇವೆ, ಹೊತ್ತು ಸಾಲದು.

ನಿನ್ನೆ ಆಕೆ ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡಿ, "ಟೀಚರ್, ಇದರಾಗ ನಾ ಹೇಳಿದ್ದು ಎಲ್ಲದ್ರಿ?" ಎಂದು ಕೇಳಿದಳು. "ಎಲ್ಲಾ ನಿಂದ ಅದವ್ವಾ, ಜರಾ ಛಂದ ಮಾಡಿ ಬರದೀವಷ್ಟ," ಎಂದೆ. ತಲೆಯಾಡಿಸಿದಳು.

ಹದಿನೆಂಟಕ್ಕೆ ಸುರಪುರ. ಹೋಗಿ ಬಂದು ಬರೆಯುತ್ತೇನೆ.

ಪರಿಮಳಾ


ಕೆಂಭಾವಿ
22 ಡಿಸೆಂಬರ್ 2024

ಸರ್,

ಸುರಪುರದಲ್ಲಿ ಮೂರನೇ ಬಹುಮಾನ ಬಂತು. ಮರುದಿನದಿಂದ ನಾಗಲಕ್ಷ್ಮಿ ಶಾಲೆಗೆ ಬಂದಿಲ್ಲ. ತೂಗುವುದನ್ನು ಮತ್ತೆ ಶುರು ಮಾಡಿದೆ, ಅದಕ್ಕೂ ಇಲ್ಲ.

ಏನಾಯಿತೆಂದು ಹೇಳುತ್ತೇನೆ. ಭಾಷಣವನ್ನು ಎಲ್ಲೂ ನಿಲ್ಲದೆ ಒಪ್ಪಿಸಿದಳು. ನಿರ್ಣಾಯಕರಲ್ಲಿ ಒಬ್ಬ ವಯಸ್ಸಾದ ಮೇಡಂ ಇದ್ದರು. ಅವರು ಚಾರ್ಟುಗಳನ್ನು ನೋಡಲೇ ಇಲ್ಲ. ಟೇಬಲ್ಲಿನ ಮೇಲಿದ್ದ ಒಂದು ಹಿಡಿ ಹತ್ತಿಯನ್ನು ನಾಗಲಕ್ಷ್ಮಿಯ ಕೈಯಲ್ಲಿಟ್ಟು, "ಈ ಮಂಜಿನ ನೀರು ಹತ್ತಿ ಮ್ಯಾಲಷ್ಟ ಕುಂತಿರ್ತದೋ, ಎಳಿ ಒಳಗ ಹೋಗಿರ್ತದೋ? ನಿನಗ್ ಏನ್ ಅನಸ್ತದವ್ವಾ?" ಎಂದು ಕೇಳಿದರು. ನಾಗಲಕ್ಷ್ಮಿ ಹತ್ತಿಯನ್ನು ಎರಡು ಬೆರಳ ನಡುವೆ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ತುಟಿ ಅಲ್ಲಾಡಿತು. ಸುತ್ತಲೂ ಥರ್ಮಾಕೋಲಿನ ಮಾದರಿಗಳು, ಟೈ ಕಟ್ಟಿದ ಮಕ್ಕಳು, ಅವರ ಟೀಚರುಗಳು ಎಲ್ಲ ನಮ್ಮ ಕಡೆಯೇ ನೋಡುತ್ತಿದ್ದರು. ಹತ್ತು ಎಣಿಸುವಷ್ಟು ಹೊತ್ತೂ ಆಗಿರಲಿಕ್ಕಿಲ್ಲ. "ಮ್ಯಾಲಷ್ಟ ಇರ್ತದ್ರಿ ಮೇಡಂ, ಅದಕ್ಕ ಬಿಸಲಿಗಿ ಜಲ್ದಿ ಆರತದ," ಎಂದು ನಾನು ಹೇಳಿಬಿಟ್ಟೆ.

ಮೇಡಂ ನನ್ನ ಮುಖ ನೋಡಿದರು, ಆಕೆಯ ಮುಖ ನೋಡಿದರು, ಏನೋ ಬರೆದುಕೊಂಡು ಹೋದರು. ನಾಗಲಕ್ಷ್ಮಿ ಹತ್ತಿಯನ್ನು ಟೇಬಲ್ಲಿನ ಮೇಲಿಟ್ಟಳು. ಬಸ್ಸಿನಲ್ಲಿ ಕೆಂಭಾವಿವರೆಗೆ ಕಿಟಕಿ ನೋಡುತ್ತಾ ಕೂತಳು. ಆಕೆಗೆ ಉತ್ತರ ಗೊತ್ತಿರಲಿಲ್ಲ ಎಂದಲ್ಲ ಸರ್, ಆಕೆ ಯೋಚಿಸುತ್ತಿದ್ದಳು. ಐದು ವರ್ಷದಿಂದ ಕೈಯಲ್ಲಿ ಹಿಡಿದ ಹತ್ತಿ ಅದು. ಪುಸ್ತಕದಲ್ಲಿಲ್ಲದ ಏನೋ ಒಂದು ಆ ಬೆರಳುಗಳಿಗೆ ಗೊತ್ತಿತ್ತು.

ಈಗ ಯಾದಗಿರಿಯ ಮಾತು. ಬೇಡ ಎಂದಿದ್ದೆ, ಈಗ ನಾನೇ ತೆಗೆಯುತ್ತೇನೆ.

2010ರ ಡಿಸೆಂಬರ್. ಜಿಲ್ಲಾ ಮಟ್ಟದ ಪ್ರದರ್ಶನ, ನಮ್ಮ ಕಾಲುವೆಯ ಲೆಕ್ಕ. ನಿರ್ಣಾಯಕರು ನನ್ನನ್ನು ಕೇಳಿದರು: "ಬೆಂಡು ಮ್ಯಾಲ ತೇಲತದ. ತಳದಾಗಿನ ನೀರೂ ಅಷ್ಟ ಜೋರ್ ಹರಿತದೇನು?" ನಾನು ಸುಮ್ಮನೆ ನಿಂತೆ. ನೀವು ನನ್ನ ಕೈಯಿಂದ ಚಾರ್ಟು ತೋರಿಸುವ ಕಡ್ಡಿ ತೆಗೆದುಕೊಂಡು, "ಹೌದ್ರಿ, ಕಾಲುವಿ ಸಪಾಟ ಅದ, ಮ್ಯಾಲೂ ಕೆಳಗೂ ಒಂದ ವೇಗ," ಎಂದಿರಿ. ಅವರು ತಲೆಯಾಡಿಸಿ ಹೋದರು.

ನನಗೆ ಉತ್ತರ ಗೊತ್ತಿತ್ತು ಸರ್. ಅದಕ್ಕೂ ಹಿಂದಿನ ತಿಂಗಳು ಎರಡು ರವಿವಾರ ಅವ್ವನನ್ನು ದಂಡೆಯ ಮೇಲೆ ಕೂರಿಸಿ, ನಾನೊಬ್ಬಳೇ ಅಳೆದಿದ್ದೆ. ಬಾಟಲಿಯಲ್ಲಿ ಮುಳುಗುವಷ್ಟೇ ಮರಳು ತುಂಬಿ, ಉದ್ದ ದಾರದಿಂದ ಬೆಂಡಿಗೆ ಕಟ್ಟಿ, ಆಳದಲ್ಲಿ ತೇಲುವಂತೆ ಮಾಡಿದ್ದೆ. ತಳದ ನೀರು ನಿಧಾನ ಹರಿಯುತ್ತದೆ. ಇದನ್ನು ಕಂಡ ದಿನ ದಂಡೆಯ ಮೇಲೆ ಕುಣಿದೆ. ನಿಮಗೆ ಹೇಳಲಿಲ್ಲ, ಬೇಕೆಂದೇ ಮುಚ್ಚಿಟ್ಟೆ. ಯಾದಗಿರಿಯಲ್ಲಿ ಎಲ್ಲರ ಮುಂದೆ ಹೇಳಬೇಕು, ನೀವೂ ಅಲ್ಲಿಯೇ ಮೊದಲ ಸಲ ಕೇಳಬೇಕು, "ನನಗ್ ಗೊತ್ತಿರಲಿಲ್ಲ ನೋಡು ಪರಿಮಳಾ" ಎಂದು ನೀವು ಅನ್ನಬೇಕು ಎಂದು ಆಸೆಯಿತ್ತು. ಅವತ್ತು ಎಲ್ಲಿಂದ ಶುರು ಮಾಡಲಿ ಎಂದು ಮನಸ್ಸಿನಲ್ಲಿ ಜೋಡಿಸುತ್ತಾ ನಿಂತಿದ್ದೆ. ಅಷ್ಟರಲ್ಲಿ ನೀವು ಹೇಳಿದಿರಿ. ಅದೂ ತಪ್ಪು.

ಓಡುವುದನ್ನು ನಿಮ್ಮಿಂದ ಕಲಿತೆ. ಇದನ್ನೂ ನಿಮ್ಮಿಂದಲೇ ಕಲಿತೆ. ನನ್ನ ಸಿಟ್ಟು ನಿಮ್ಮ ಮೇಲೆಷ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ.

ಪರಿಮಳಾ


ಶಹಾಪುರ
16 ಫೆಬ್ರವರಿ 2025

ಪರಿಮಳಾ,

ಎರಡು ತಿಂಗಳಾಯಿತು. ಏಳೆಂಟು ಸಲ ಬರೆಯಲು ಕೂತು ಹರಿದು ಹಾಕಿದೆ. ಪೋಸ್ಟಿನ ಅಜೀಮ, "ಪತ್ರ ಬರಾಂಗಿಲ್ಲ, ಹೋಗಾಂಗಿಲ್ಲ, ಏನ್ ಜಗಳಾಡೀರೇನ್ರಿ ಸರ್?" ಎಂದು ಕೇಳಿದ. ಜಗಳವಾಗಿದ್ದರೆ ಚೆನ್ನಾಗಿತ್ತು.

ಬಾಟಲಿಯ ವಿಷಯ ನನಗೆ ಗೊತ್ತಿರಲಿಲ್ಲ. ನೀನು ಆವತ್ತು ನನ್ನಿಂದ ಬಯಸಿದ ಮಾತು ಇದೇ ಅಲ್ಲವೇ? ಈಗ ಹೇಳುತ್ತಿದ್ದೇನೆ. ಇದಕ್ಕೆ ಈಗ ಏನು ಬೆಲೆಯೋ ನನಗೆ ತಿಳಿಯದು.

ಯಾಕೆ ಹಾಗೆ ಮಾಡಿದೆ ಎಂದು ಹೇಳುತ್ತೇನೆ. ಸಮಾಧಾನಕ್ಕಲ್ಲ. ಆ ನಿರ್ಣಾಯಕರು ಮೊದಲು ನಿನ್ನ ಹರಿದ ಚಪ್ಪಲಿ ನೋಡಿದರು, ಆಮೇಲೆ ಪಟ್ಟಿಯಲ್ಲಿ ನಿನ್ನ ಹೆಸರು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆ ನೋಟ ನನಗೆ ಹೊಸದಲ್ಲ. ನಾನು ಕಾಲೇಜಿನಲ್ಲಿ ಓದುವಾಗ ಪ್ರಯೋಗಾಲಯದಲ್ಲಿ ಒಂದು ಪ್ರಶ್ನೆಗೆ ತಡೆದು ನಿಂತಿದ್ದಕ್ಕೆ ಒಬ್ಬರು, "ನಿಮ್ಮ ಓಣಿಯವರಿಗೆ ಇಷ್ಟ ಸಾಕು ಬಿಡ್ರಿ," ಎಂದು ಎಲ್ಲರೆದುರು ನಕ್ಕಿದ್ದರು. ಅವತ್ತಿನಿಂದ ನಾನು ಯಾರ ಮುಂದೆಯೂ ತಡೆದು ನಿಂತವನಲ್ಲ. ಗೊತ್ತಿದ್ದರೂ ಹೇಳುತ್ತಿದ್ದೆ, ಗೊತ್ತಿಲ್ಲದಿದ್ದರೂ ಹೇಳುತ್ತಿದ್ದೆ. ನೀನು ಸುಮ್ಮನೆ ನಿಂತಾಗ ನನಗೆ ಆ ನಗು ಕೇಳಿಸಿತು. ನಿನ್ನನ್ನು ಅದರಿಂದ ಉಳಿಸುತ್ತಿದ್ದೇನೆ ಅಂದುಕೊಂಡೆ. ನಿಮ್ಮ ಮುಂದೆ "ನನಗ್ ಗೊತ್ತಿಲ್ಲ" ಎನ್ನುವ ಧೈರ್ಯ ನನಗಿತ್ತು, ಅವರ ಮುಂದೆ ಇರಲಿಲ್ಲ.

ಇದು ಅರ್ಧ ಸತ್ಯ. ಉಳಿದರ್ಧ ಬರೆಯಲು ಎರಡು ತಿಂಗಳು ಬೇಕಾಯಿತು. ನನಗೆ ಹೇಳಬೇಕೆಂಬ ಆಸೆಯಿತ್ತು ಪರಿಮಳಾ. ಮೂರು ತಿಂಗಳು ನಿಮ್ಮ ಜೊತೆ ಓಡಿದ್ದೆ, ಅದು ನನ್ನ ಕಾಲುವೆ, ನನ್ನ ಬೆಂಡು ಎನಿಸಿತ್ತು. ಯಾರಾದರೂ ನನ್ನನ್ನು ಕೇಳಲಿ ಎಂದು ಬೆಳಗಿನಿಂದ ಕಾಯುತ್ತಿದ್ದೆ. ಹುಡುಗರ ಜೊತೆ ಆಡಲು ಹೋದವನು ಹುಡುಗರಿಂದ ಆಟವನ್ನೇ ಕಸಿದುಕೊಂಡೆ. ನಿನ್ನ ನಾಗಲಕ್ಷ್ಮಿಗೂ ಅದನ್ನೇ ಮಾಡಿದೆ, ಮುಖವನ್ನೂ ನೋಡದ ಹುಡುಗಿಗೆ. ಆ ಚಾರ್ಟು, ಆ ಭಾಷಣ ಯಾರಿಗಾಗಿ ಬರೆದೆ? ಬಣ್ಣ ತುಂಬುವಾಗ ನನಗೆ ಎಷ್ಟು ಸಂತೋಷವಾಗಿತ್ತು ಗೊತ್ತೇ!

ಇನ್ನೊಂದು. ನಿವೃತ್ತನಾಗುವವರೆಗೆ ಎಂಟು ವರ್ಷ, ಎಂಟು ತಂಡದ ಮಕ್ಕಳಿಗೆ ಮೇಲಿನ ನೀರೂ ತಳದ ನೀರೂ ಒಂದೇ ವೇಗ ಎಂದು ಕಲಿಸಿದೆ. ಒಮ್ಮೆ ಬಾಯಿಂದ ಬಿದ್ದ ಮೇಲೆ ಅದು ನಿಜವೆಂದೇ ನಂಬಿದೆ, ಹೋಗಿ ನೋಡಲಿಲ್ಲ. ನಿನ್ನನ್ನು ಒಂದು ದಿನ ಕರೆದು "ಯಾಕವ್ವಾ ಮಾತು ಬಿಟ್ಟಿ?" ಎಂದು ಕೇಳಿದ್ದರೆ ಅವರೆಲ್ಲರಿಗೂ ಸರಿಯಾದದ್ದು ಸಿಗುತ್ತಿತ್ತು.

ಬಾಟಲಿಯ ಎಣಿಕೆ ಎಷ್ಟು ಬಂದಿತ್ತು? ಬರೆದು ಕಳಿಸು. ಗೊತ್ತಿಲ್ಲದವನಾಗಿ ಕೇಳುತ್ತಿದ್ದೇನೆ.

ನಾಗಲಕ್ಷ್ಮಿಯ ವಿಷಯಕ್ಕೆ ನನ್ನ ಹತ್ತಿರ ಉಪಾಯವಿಲ್ಲ. ಏನು ಹೇಳಬೇಕೆಂದಿದ್ದೆ ಎಂದು ಆಕೆಯನ್ನೇ ಕೇಳು. ಕೇಳಿ ಸುಮ್ಮನಿರು. ತಡ ಮಾತ್ರ ಮಾಡಬೇಡ.

ಮರಿಲಿಂಗಪ್ಪ


ಕೆಂಭಾವಿ
9 ಮಾರ್ಚ್ 2025

ಸರ್,

ಪತ್ರವನ್ನು ಮೂರು ಸಲ ಓದಿದೆ. ಏನು ಬರೆಯಬೇಕೆಂದು ತಿಳಿಯದೆ, ನೀವು ಕೇಳಿದ್ದನ್ನೇ ಬರೆಯುತ್ತೇನೆ. ಅರವತ್ತು ಹೆಜ್ಜೆ ಹೋಗಲು ಬೆಂಡಿಗೆ ನಲವತ್ತು ಎಣಿಕೆ, ಬಾಟಲಿಗೆ ಐವತ್ತೊಂದು. ಎರಡನೇ ರವಿವಾರ ಐವತ್ತಮೂರು ಬಂತು, ಅವತ್ತು ದಾರಕ್ಕೆ ಕಸ ಸಿಕ್ಕಿತ್ತು. ಯಾವ ವಹಿಯನ್ನೂ ನೋಡದೆ ಬರೆದಿದ್ದೇನೆ. ಇದನ್ನು ಇಷ್ಟು ವರ್ಷ ನಾನು ಮರೆತಿಲ್ಲ. ಇವತ್ತು ಬರೆದು ಮುಗಿಸಿ ಸ್ವಲ್ಪ ಅತ್ತೆ, ಮನಸ್ಸು ಹಗುರಾಯಿತು. ನಿಮ್ಮ ಮೇಲೆ ಈಗ ಸಿಟ್ಟಿಲ್ಲ.

ಹತ್ತಿ ಮುಗಿಯಿತು, ನಾಗಲಕ್ಷ್ಮಿ ಶಾಲೆಗೆ ಬರುತ್ತಿದ್ದಾಳೆ. ಹಿಂದಿನ ಬೆಂಚಿಗೆ ಕೂರುತ್ತಾಳೆ, ಬೋರ್ಡು ನೋಡಿ ಬರೆದುಕೊಳ್ಳುತ್ತಾಳೆ. ಆಕೆಯನ್ನು ಕೇಳಲು ಎರಡು ಸಲ ಹತ್ತಿರ ಹೋದೆ. "ಲೆಕ್ಕ ಆತೇನವ್ವಾ?" ಎಂದು ಬೇರೆ ಏನೋ ಕೇಳಿ ಬಂದೆ. ನಾನು ಟೀಚರ್, ಆಕೆ ಹನ್ನೆರಡು ವರ್ಷದ ಹುಡುಗಿ, ಆದರೂ ಆಕೆಯ ಮುಂದೆ ನಾಲಗೆ ಏಳುವುದಿಲ್ಲ. ಪರೀಕ್ಷೆ ಹತ್ತಿರ ಬಂದಿದೆ. ಅದು ಮುಗಿಯಲಿ, ಸಮಾಧಾನವಾಗಿ ಕೂತು ಕೇಳುತ್ತೇನೆ.

ನಿಮ್ಮ,
ಪರಿಮಳಾ


ಶಹಾಪುರ
15 ಮಾರ್ಚ್ 2025

ತಂಗಿ ಪರಿಮಳಾ,

ಕಾರ್ಡಿನಲ್ಲಿ ಜಾಗ ಕಡಿಮೆ. ನಲವತ್ತು, ಐವತ್ತೊಂದು: ಗೋಡೆಯ ಮೇಲೆ ಬರೆದುಕೊಂಡಿದ್ದೇನೆ.

ಪರೀಕ್ಷೆ ಮುಗಿಯುವವರೆಗೆ ಕಾಯಬೇಡ. ನಾಳೆಯೇ ಕೇಳು. ನೀನು ಕೈ ಎತ್ತುವುದನ್ನು ಬಿಟ್ಟಾಗ ನಾನೂ ಪರೀಕ್ಷೆ ಮುಗಿಯಲಿ ಅಂದುಕೊಂಡಿದ್ದೆ.

ಮರಿಲಿಂಗಪ್ಪ


ಕೆಂಭಾವಿ
8 ಜೂನ್ 2025

ಪೂಜ್ಯ ಸರ್,

ನಿಮ್ಮ ಕಾರ್ಡು ಬಂದ ದಿನವೇ ಕೇಳಬೇಕಿತ್ತು. ಪರೀಕ್ಷೆ ಬಂತು, ಪೇಪರ್ ತಿದ್ದುವುದು ಬಂತು, ಬೇಸಿಗೆ ರಜೆಯಲ್ಲಿ ಮುದುಕಮ್ಮ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಇವೆಲ್ಲ ನೆಪಗಳು ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಮೊನ್ನೆ ಇಬ್ಬರೂ ಟಿ.ಸಿ. ತೆಗೆದುಕೊಂಡು ಹೋಗಲು ಬಂದರು. ನಾಗಲಕ್ಷ್ಮಿ ಕೆಂಭಾವಿಯ ಹೈಸ್ಕೂಲಿಗೆ ಸೇರುತ್ತಾಳೆ ಸರ್. ಅಮರಪ್ಪ ಸರ್ ಖುಷಿಯಿಂದ, "ಗೆದ್ರಿ ನೋಡ್ರಿ ಟೀಚರ್ ನೀವು!" ಎಂದರು. "ಮನಸ್ ಮಾಡಿದೇನವ್ವಾ?" ಎಂದು ನಾನು ನಾಗಲಕ್ಷ್ಮಿಯನ್ನು ಕೇಳಿದೆ. "ಓಣ್ಯಾಗಿನವ್ರು ಎಲ್ಲಾರೂ ಹೊಂಟಾರ್ರಿ, ಅದಕ್ಕ ನಾನೂ ಹೋಗ್ತೀನಿ," ಎಂದಳು. ತಕ್ಕಡಿಯ ಮಾತು ಬರಲಿಲ್ಲ.

ಮುದುಕಮ್ಮ ಸಹಿ ಮಾಡಲು ಒಳಗೆ ಹೋದಾಗ ನಾನು ಆಕೆಯನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿಕೊಂಡೆ. ಮೊದಲು ತಪ್ಪಾಯಿತು ಎಂದೆ. "ಸುರಪುರದಾಗ ಅವತ್ತ ನೀ ಮಾತಾಡಬೇಕಿತ್ತು, ನಾ ಬಾಯಿ ಹಾಕಿದೆ. ನಂದು ತಪ್ಪವ್ವಾ," ಎಂದೆ. ಆಕೆ ಗಾಬರಿಯಾಗಿ ಸುತ್ತ ನೋಡಿದಳು, ಟೀಚರ್ ಹೀಗೆನ್ನುವುದನ್ನು ಯಾರಾದರೂ ಕೇಳಿದರೇನೋ ಎಂದು. ಆಮೇಲೆ ಕೇಳಿದೆ. ಆ ಮೇಡಂ ಹತ್ತಿ ಕೈಯಲ್ಲಿಟ್ಟು ಕೇಳಿದರಲ್ಲ, ನೀರು ಮೇಲಿರುತ್ತದೋ ಒಳಗಿರುತ್ತದೋ ಎಂದು, ಅವತ್ತು ನೀನು ಏನು ಹೇಳಬೇಕೆಂದಿದ್ದೆ?

ಕೇಳಿ ಸುಮ್ಮನಾದೆ. ಈ ಸಲ ನಿಜವಾಗಿ ಸುಮ್ಮನಾದೆ ಸರ್. ಅಮರಪ್ಪ ಸರ್ ಬಾಗಿಲಿಗೆ ಬಂದು ಏನೋ ಹೇಳಲು ಬಾಯಿ ತೆರೆದರು, ಕೈಸನ್ನೆ ಮಾಡಿ ತಡೆದೆ. ನಾಗಲಕ್ಷ್ಮಿ ನೆಲ ನೋಡುತ್ತಾ ಯೋಚಿಸಿದಳು. ಎರಡು ಬೆರಳನ್ನು ಒಂದಕ್ಕೊಂದು ಒತ್ತಿ ನೋಡಿಕೊಂಡಳು, ಬೆರಳ ನಡುವೆ ಏನೂ ಇರಲಿಲ್ಲ.

"ನೆನಪಿಲ್ರಿ ಟೀಚರ್," ಎಂದಳು.

ನನ್ನ ಮುಖ ಹೇಗಾಯಿತೋ ಏನೋ, ಪಾಪ, ನನ್ನನ್ನು ಸಮಾಧಾನ ಮಾಡಲು ಸ್ವಲ್ಪ ನಕ್ಕಳು. "ಅವತ್ತ ನೀವ ಹೇಳಿದ್ರಲ್ರಿ, ಮ್ಯಾಲಷ್ಟ ಇರ್ತದ ಅಂತ. ಅದ ಬರೋಬರಿ ಇರಬೇಕ್ರಿ."

ನಿಮ್ಮ ವಿದ್ಯಾರ್ಥಿನಿ,
ಪರಿಮಳಾ